ಹಿರಿಮಗನ ತಲೆಗೂದಲು

ಮಾಸ್ಟ್ರಿಕ್ಟ್,
೧೯ ಫೆಬ್ರುವರಿ ೨೦೨೫, ಬುಧವಾರ

ಪೂಜ್ಯ ಅತ್ತೆಯವರಿಗೆ,

ಅನನ್ಯಾ ಮಾಡುವ ನಮಸ್ಕಾರಗಳು. ಮಾವ ಹೋಗಿ ವಾರ ಕಳೆದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಮನ್ನಿಸಿ. ಸೂತಕದ ಮನೆಗೆ ಬರೆಯುವ ಕಾಗದವನ್ನು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಅಂದು ಫೋನಿನಲ್ಲೂ ನಿಮ್ಮ ಜೊತೆ ಅಳುತ್ತ ಕೂತೆನೇ ಹೊರತು ಒಂದು ಒಳ್ಳೆಯ ಮಾತು ಆಡಲು ನನಗೆ ಬಾಯಿ ಬರಲಿಲ್ಲ.

ಈಗಲೂ ಫೋನು ಮಾಡಬಹುದಿತ್ತಲ್ಲ ಎನ್ನುವಿರಿ. ನಾವಿಲ್ಲಿ ಬಾಡಿಗೆಗೆ ಹಿಡಿದಿರುವುದು ಒಂದೇ ಕೋಣೆ. ಪಿಸುಗುಟ್ಟಿದರೂ ನಿಮ್ಮ ಮಗನಿಗೆ ಕೇಳಿಸುತ್ತದೆ. ಅಲ್ಲಿ ಕಾಪುವಿನ ಮನೆಯಲ್ಲೋ, ಸ್ಪೀಕರ್ ಹಾಕಿ ಹತ್ತು ಜನ ಸುತ್ತ ಕೂರುತ್ತಾರೆ. ಅದಕ್ಕೇ ಕೈಯಲ್ಲಿ ಬರೆದು, ಹಾಳೆಗಳ ಫೋಟೋ ತೆಗೆದು ಜಲಜಾಕ್ಷಿ ಅತ್ತಿಗೆಯ ಮೊಬೈಲಿಗೆ ಕಳಿಸುತ್ತೇನೆ. ಅವರು ಪ್ರಿಂಟ್ ತೆಗೆಸಿ ನಿಮ್ಮ ಕೈಗೇ ಕೊಡಲಿ. ಜೀವಮಾನವೆಲ್ಲ ಶಾಲೆಮಕ್ಕಳ ಅಕ್ಷರ ತಿದ್ದಿದವರು ನೀವು. ನನ್ನ ಕೋಳಿಕಾಲಿನ ಅಕ್ಷರಕ್ಕೆ ಬೈದುಕೊಳ್ಳಿ, ಆದರೆ ಕೊನೆಯವರೆಗೆ ಓದಿ.

ವಿಷಯ ಇಷ್ಟು. ಬರುವ ಭಾನುವಾರ, ಮಾವನ ಹದಿಮೂರನೆಯ ದಿನದ ಕ್ರಿಯೆಗೆ, ಬೊಜ್ಜಕ್ಕೆ, ನೀವು ಅಲ್ಲಿ ಎಲ್ಲ ಸಿದ್ಧ ಮಾಡುತ್ತಿದ್ದೀರಿ. ಅದೇ ದಿನ ಇಲ್ಲಿ ಪ್ರತೀಕ್ ತಲೆ ಬೋಳಿಸಿಕೊಳ್ಳುತ್ತಾನಂತೆ. ಅದನ್ನು ತಡೆಯಬೇಕು. ನನ್ನಿಂದ ಆಗುತ್ತಿಲ್ಲ, ನಿಮ್ಮಿಂದಲೇ ಆಗಬೇಕು. (ಗಂಡನನ್ನು ‘ಅವನು’ ಎಂದು ಹಿರಿಯರ ಮುಂದೆ ಹೇಳಬಾರದೆಂದು ಮದುವೆಯ ಹೊಸದರಲ್ಲಿ ಅತ್ತಿಗೆ ತಿದ್ದಿದ್ದರು. ಸಿಟ್ಟು ಬಂದಾಗ ಆ ಪಾಠ ಮರೆತುಹೋಗುತ್ತದೆ.)

ಒಂದು ತಲೆಗೂದಲಿಗೆ ಇಷ್ಟು ರಂಪವೇ ಎಂದು ನಿಮಗೆ ಅನಿಸಬಹುದು. ಅವನು ನಿಮಗೆ ಹೇಳಿರುವುದೇ ಅರ್ಧ. “ಸಣ್ಣ ಗಡ್ಡೆ ಅಮ್ಮಾ, ಕರೆಂಟ್ ಕೊಡ್ತಾರೆ, ಹೋಗ್ತದೆ,” ಎಂದಷ್ಟೇ ಅಲ್ಲವೇ? ಗಡ್ಡೆ ಸಣ್ಣದೇ. ಅದು ಕೂತಿರುವ ಜಾಗ ಕೆಟ್ಟದ್ದು. ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂದೆ ಬಹಳ ಆಳದಲ್ಲಿ. ಪಕ್ಕದಲ್ಲೇ ಕಣ್ಣಿನ ನರ, ಬೆನ್ನಿಗೆ ಉಸಿರಾಟ ನಡೆಸುವ ಮಿದುಳಿನ ಕಾಂಡ. ನವೆಂಬರಿನಲ್ಲಿ ಮೂಗಿನೊಳಗಿಂದ ಹೋಗಿ ಆದಷ್ಟು ಕೆರೆದು ತೆಗೆದರು. ಕಾಂಡಕ್ಕೆ ಅಂಟಿದ್ದ ಚೂರನ್ನು ಮುಟ್ಟಲಿಲ್ಲ, ಮುಟ್ಟಿದ್ದರೆ ಮೇಜಿನ ಮೇಲೇ ಮುಗಿದುಹೋಗುತ್ತಿತ್ತು. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವ ಗಡ್ಡೆಯಂತೆ. ಲಾಟರಿ ಹೊಡೆಯದ ನಮ್ಮ ಮನೆಗೆ ಇದು ಹೊಡೆಯಿತು.

ಆ ಉಳಿದ ಚೂರನ್ನು ಸುಡಲು ಈ ಪ್ರೋಟಾನ್ ಕಿರಣ. ಮಾಮೂಲಿ ಕಿರಣ ಗಡ್ಡೆಯನ್ನು ದಾಟಿ ಆಚೆ ಬದಿಯನ್ನೂ ಸುಡುತ್ತದೆ. ಇದು ಹೇಳಿದ ಜಾಗಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಆದರೆ ತಲೆಯೂ ಹೇಳಿದ ಜಾಗದಲ್ಲೇ ಇರಬೇಕಲ್ಲ? ಅದಕ್ಕೆಂದು ಶುರುವಿನಲ್ಲೇ ಒಂದು ಮುಖವಾಡ ಮಾಡಿದರು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖದ ಮೇಲೆ, ತಲೆಯ ಮೇಲೆ ಎಳೆದು ಒತ್ತಿದರು. ತಣ್ಣಗಾದ ಮೇಲೆ ಅದು ಗಟ್ಟಿ. ದಿನಾಲೂ ಅದನ್ನು ತೊಡಿಸಿ ಮೇಜಿಗೆ ಬಿಗಿಯುತ್ತಾರೆ, ಕೆಮ್ಮಲೂ ಜಾಗವಿಲ್ಲ. ನಿಮ್ಮ ಮಗನ ಆ ದಟ್ಟ ಕೂದಲ ಸಮೇತ ತೆಗೆದ ಅಚ್ಚು ಅದು. ಕಿರಣದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಬೋಳಿಸಿದರೆ ತಲೆ ಒಳಗೆ ಅಲ್ಲಾಡುತ್ತದೆ. ಆಗ ಹೊಸ ಮುಖವಾಡ, ಹೊಸ ಸ್ಕ್ಯಾನ್, ಹೊಸ ಲೆಕ್ಕ, ಅಷ್ಟು ದಿನ ಚಿಕಿತ್ಸೆ ನಿಂತಂತೆಯೇ. ಈ ಗಡ್ಡೆಗೆ ನಡುವೆ ಬಿಡುವು ಕೊಡಬಾರದು ಎಂದು ಡಾಕ್ಟರ್ ಲೀಸ್ಬೆತ್ ಮೊದಲ ದಿನವೇ ಹೇಳಿದ್ದರು. ಏಳು ವಾರದಲ್ಲಿ ನಾವಿನ್ನೂ ಅರ್ಧದಾರಿಯಲ್ಲಿದ್ದೇವೆ.

ಅವರ ಬಳಿಯೇ ಹೋಗಿ, ನೀವೇ ಅವನಿಗೆ ಬೇಡ ಎಂದು ಹೇಳಿ ಎಂದು ಕೇಳಿಕೊಂಡೆ. ಲೀಸ್ಬೆತ್ ಬಹಳ ಒಳ್ಳೆಯವರು. ನನ್ನ ಕೈ ಹಿಡಿದುಕೊಂಡು, ಪರಿಣಾಮವೇನೆಂದು ಎಲ್ಲ ವಿವರಿಸುತ್ತೇನೆ, ಆದರೆ ತಲೆ ಅವರದು, ತೀರ್ಮಾನವೂ ಅವರದೇ ಎಂದರು. ಈ ದೇಶದಲ್ಲಿ ಯಾರೂ ಯಾರಿಗೂ ಬೇಡ ಎನ್ನುವುದಿಲ್ಲ ಅತ್ತೆ. ಬೇಡ ಎನ್ನಲು ನೀವೇ ಬೇಕು.

ನಾನು ಹೇಳದೆ ಬಿಟ್ಟಿಲ್ಲ. ಬೇಡಿಕೊಂಡೆ, ಬೈದೆ, ಮಗಳ ಮೇಲೆ ಆಣೆ ಇಟ್ಟೆ. ಅವನದು ಒಂದೇ ಮಾತು. “ನಾನು ಹಿರಿಮಗ ಮಾರಾಯ್ತಿ. ಕಿಚ್ಚು ಕೊಡ್ಲಿಕ್ಕೆ ಹೋಗ್ಲಿಲ್ಲ. ಬೊಜ್ಜಕ್ಕೆ ಹೋಗ್ಲಿಕ್ಕೆ ಆಗುದಿಲ್ಲ. ಕೂದ್ಲಾದ್ರೂ ಕೊಡ್ತೇನೆ, ಅಷ್ಟೇ.” ಅವನು ತಂದಿಟ್ಟಿದ್ದ ಟ್ರಿಮ್ಮರನ್ನು ನಾನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಈ ಊರಿನಲ್ಲಿ ಕ್ಷೌರದಂಗಡಿಗೆ ಬರವೇ ಎಂದು ನಕ್ಕ. ಮರ್ಯಾದೆ ಬಿಟ್ಟು ಕೆಳಗಿನ ಬೀದಿಯ ಕ್ಷೌರದಂಗಡಿಗೂ ಹೋದೆ. ಇಂಥ ಒಬ್ಬ ಭಾರತೀಯ ಬಂದು ಬೋಳಿಸಿ ಎಂದರೆ ಆಗುವುದಿಲ್ಲ ಎನ್ನಿ ಎಂದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಂದ ಗಿರಾಕಿಯನ್ನು ವಾಪಸ್ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ಮೇಡಂ ಎಂದ.

ಅವನ ಸಂಕಟ ನನಗೆ ತಿಳಿಯದ್ದಲ್ಲ. ಮಾವನ ಎದೆ ದುರ್ಬಲವಾಗಿತ್ತು, ಆಘಾತವಾಗುವ ಸುದ್ದಿ ಹೇಳಬಾರದೆಂದು ಡಾಕ್ಟರು ಎಚ್ಚರಿಸಿದ್ದರು. ಅದಕ್ಕಾಗಿ ಗಡ್ಡೆಯ ವಿಷಯ ಅವರ ಕಿವಿಗೆ ಬೀಳಬಾರದೆಂದು ನಮ್ಮೆಲ್ಲರ ಬಾಯಿ ಕಟ್ಟಿಸಿದವನು ಪ್ರತೀಕನೇ. ಅವರು ಹಾಸಿಗೆ ಹಿಡಿದ ಮೇಲೆ ಬಾ ಬಾ ಎಂದು ಕರೆದಾಗಲೆಲ್ಲ, ಆಫೀಸಿನಲ್ಲಿ ರಜೆ ಸಿಗಲಿಲ್ಲ ಎಂದ. ನಿನ್ನ ಸಾಹೇಬನ ಹತ್ತಿರ ನಾನೇ ಮಾತಾಡುತ್ತೇನೆ, ಫೋನು ಕೊಡು ಎಂದರಂತೆ ಮಾವ. ಬಸ್ಸು ಓಡಿಸುವಾಗ ಒಂದು ನಿಮಿಷ ತಡವಾದವರನ್ನೂ ಸ್ಟಾಪಿನಲ್ಲೇ ಬಿಟ್ಟು ಹೋಗುತ್ತಿದ್ದ ಮನುಷ್ಯ, ಈ ಮಗನಿಗಾಗಿ ಎರಡು ತಿಂಗಳು ಕಾದರು. ಈಗ ಊರಿಗೆ ಊರೇ ಅಂಗಾರಣ್ಣನ ದೊಡ್ಡ ಮಗನಿಗೆ ಸಂಬಳವೇ ದೊಡ್ಡದಾಯಿತು ಎನ್ನುತ್ತಿದೆ, ಅದೂ ಇವನ ಕಿವಿಗೆ ಬಿದ್ದಿದೆ.

ಹೇಗಾದರೂ ಮಾಡಿ ತಡೆಯಿರಿ ಅತ್ತೆ. ಸಂದೀಪ್ ಬೋಳಿಸಿಕೊಳ್ಳುತ್ತಾನೆ, ತಮ್ಮ ಮಾಡಿದರೆ ಅಣ್ಣನಿಗೂ ಸಂದಿತು ಎನ್ನಿ. ಶಾಸ್ತ್ರದಲ್ಲಿ ಇಲ್ಲದಿದ್ದರೂ ಎನ್ನಿ. ನನ್ನ ಮಾತನ್ನು ಹೆಂಡತಿಯ ಭಯ ಎಂದು ತಳ್ಳಿಹಾಕುತ್ತಾನೆ. ನಿಮ್ಮ ಮಾತನ್ನು ಅವನು ಮೀರಿದ್ದು ಒಂದೇ ಸಲ, ನನ್ನನ್ನು ಮದುವೆಯಾದಾಗ. ಅದನ್ನು ನೀವು ಕ್ಷಮಿಸಿದ್ದೀರಿ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ನೀವೇ ಗಂಡನನ್ನು ಕಳೆದುಕೊಂಡು ಕೂತಿರುವಾಗ ನಿಮ್ಮ ಮೇಲೆ ಈ ಭಾರ ಹೊರಿಸುವ ನನ್ನನ್ನು ಮನ್ನಿಸಿ. ನಿಮ್ಮ ಪಾದಕ್ಕೆ ನಮಸ್ಕರಿಸುತ್ತೇನೆ.

ನಿಮ್ಮ ಸೊಸೆ,
ಅನನ್ಯಾ


ಮಾಸ್ಟ್ರಿಕ್ಟ್,
೫ ಮಾರ್ಚ್ ೨೦೨೫, ಬುಧವಾರ

ಪೂಜ್ಯ ಅತ್ತೆಯವರಿಗೆ,

ನಮಸ್ಕಾರಗಳು. ನೀವು ಅಂದು ಮಾಡಿದ ಉಪಕಾರಕ್ಕೆ ಮಾರನೆಯ ದಿನವೇ ಬರೆಯಬೇಕಿತ್ತು. ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎಂದು ತಳ್ಳಿದೆ. ಬರೆಯಲು ಒಂದಾದರೂ ಒಳ್ಳೆಯ ಸುದ್ದಿ ಇರಲಿ ಎಂದು ಕಾಯುತ್ತಿದ್ದೆ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ.

ಶುಕ್ರವಾರ ನಿಮ್ಮ ಫೋನು ಬಂದಾಗ ಅವನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಗಾಜಿನ ಈಚೆಯಿಂದ ನೋಡುತ್ತಿದ್ದೆ. ನೀವಿಬ್ಬರೂ ತುಳುವಿನಲ್ಲಿ ಮಾತಾಡಿದಿರಿ. ಇಷ್ಟು ವರ್ಷದಲ್ಲಿ ನನಗೆ ಊಟದ ತುಳು ಬಂದಿದೆ, ಬೈಗುಳದ ತುಳು ಬಂದಿದೆ, ಅಂದಿನದು ಎರಡೂ ಅಲ್ಲ. ಅವನು ಹೆಚ್ಚು ಮಾತಾಡಲೂ ಇಲ್ಲ. ಒಳಗೆ ಬಂದವನು ಅಕ್ಕಿ ಡಬ್ಬಿಯಿಂದ ಟ್ರಿಮ್ಮರ್ ತೆಗೆದು (ಅಲ್ಲಿದ್ದದ್ದು ಮೊದಲೇ ಗೊತ್ತಿತ್ತಂತೆ) ನನ್ನ ಕೈಗೆ ಕೊಟ್ಟು, “ಬೇಡಂತೆ,” ಎಂದ. ಅಷ್ಟೇ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆನಲ್ಲ, ಅದು ಖುಷಿಯ ಅಳು. ಬೆಟ್ಟದಂಥ ಮಗನನ್ನು ಒಂದು ಫೋನಿನಲ್ಲಿ ಬಗ್ಗಿಸಿದರಲ್ಲ ನನ್ನ ಅತ್ತೆ ಎಂದು ಹೆಮ್ಮೆಪಟ್ಟೆ.

ಬೊಜ್ಜದ ದಿನ ನಾವು ಬಾಡ್‌ಹೂವೆಡಾರ್ಪಿನ ನಮ್ಮ ಮನೆಯಲ್ಲಿದ್ದೆವು. ವಾರವಿಡೀ ಪಕ್ಕದ ಮನೆಯ ಸರಳಾ ಜೊತೆ ಇರುವ ಮಗಳು ಅಮೂಲ್ಯಾಳನ್ನು ನೋಡಲು ಶನಿವಾರ ಶನಿವಾರ ಹೋಗುತ್ತೇವೆ. ಸಂದೀಪ್ ವಿಡಿಯೋ ಹಾಕಿದ್ದ. ಅವನ ಬೋಳುತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಮಾವನಿಗೆ ಎಲೆ ಬಡಿಸುವಾಗ ಯಾರೋ ಹಿಂದಿನಿಂದ “ದೊಡ್ಡವ ಎಲ್ಲಿ?” ಎಂದರು, ಇನ್ಯಾರೋ “ಕೆಲ್ಸ ಅಂತೆ,” ಎಂದರು. ಪ್ರತೀಕ್ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಕ್ಯಾಮೆರಾಕ್ಕೆ ಸಿಗದಂತೆ ಕೂತ. ನಮ್ಮ ಮನೆಯ ಮೇಲೆ ವಿಮಾನಗಳು ಇಳಿಯುತ್ತಲೇ ಇರುತ್ತವೆ, ಕಿಟಕಿಯಲ್ಲಿ ಅವನ್ನೇ ನೋಡುತ್ತಿದ್ದ. ಅಮೂಲ್ಯಾ ಡಚ್ಚಿನಲ್ಲಿ ಏನೋ ಕೇಳಿದಳು. ಅಜ್ಜನಿಗೆ ಅಪ್ಪನ ಮೇಲೆ ಕೋಪವಾ ಎಂದು ಕೇಳಿದ್ದು. ಇಲ್ಲ ಎಂದು ನಾನೇ ಹೇಳಿದೆ, ಅವನು ಹೇಳಲಿಲ್ಲ.

ಅವತ್ತಿನಿಂದ ಊಟ ಬಿಟ್ಟ ಅತ್ತೆ. ಗಂಟಲು ಉರಿಯುತ್ತದೆ, ನಾಲಿಗೆಗೆ ರುಚಿಯಿಲ್ಲ ಎನ್ನುತ್ತಿದ್ದ. ಚಿಕಿತ್ಸೆಯಿಂದ ಹಾಗಾಗುತ್ತದೆಂದು ಡಾಕ್ಟರೂ ಹೇಳಿದ್ದರು, ಅದಕ್ಕೆ ನಂಬಿದೆ. ಗಂಜಿ ಮಾಡಿದೆ, ಮೊಸರನ್ನ ಕಿವುಚಿ ಕೊಟ್ಟೆ. ಶಕ್ತಿಗೆಂದು ಆಸ್ಪತ್ರೆಯವರು ಕೊಟ್ಟ ವೆನಿಲ್ಲಾ ಪಾನೀಯದ ಬಾಟಲಿಗಳು ಖಾಲಿಯಾಗುತ್ತಿದ್ದವು, ಅದಾದರೂ ಒಳಗೆ ಹೋಗುತ್ತಿದೆಯಲ್ಲ ಎಂದುಕೊಂಡೆ. ಒಂದು ದಿನ ಬಚ್ಚಲ ಸಿಂಕು ಗಬ್ಬೆಂದು ವೆನಿಲ್ಲಾ ವಾಸನೆ ಹೊಡೆಯಿತು. ಎಲ್ಲವನ್ನೂ ಅಲ್ಲಿ ಸುರಿಯುತ್ತಿದ್ದ.

ನಾನು ಅವನ ಕೂದಲನ್ನು ಕಾಯುತ್ತ ಕೂತಿದ್ದೆ. ಕೆನ್ನೆಗಳು ಇಳಿದುಹೋದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಕಳೆದ ಶುಕ್ರವಾರ ಮೇಜಿನ ಮೇಲೆ ಮಲಗಿಸಿ ಚಿತ್ರ ತೆಗೆದಾಗ ಅವರಿಗೆ ಗೊತ್ತಾಯಿತು, ಮುಖವಾಡ ಸಡಿಲವಾಗಿದೆ. ಹೆಚ್ಚಿಲ್ಲ, ಕೆಲವು ಮಿಲಿಮೀಟರ್. ಕಾಂಡದ ಪಕ್ಕದಲ್ಲಿ ಅಷ್ಟು ಸಾಕು. ಕಿರಣ ಬಿಡದೆ ಅಲ್ಲಿಗೇ ನಿಲ್ಲಿಸಿದರು. ಯಾವುದು ಆಗಬಾರದೆಂದು ನಿಮ್ಮನ್ನು ಗೋಳು ಹೊಯ್ದುಕೊಂಡೆನೋ ಅದೇ ಆಯಿತು. ಸೋಮವಾರ ಹೊಸ ಮುಖವಾಡ ಮಾಡಿ, ಹೊಸ ಸ್ಕ್ಯಾನ್ ತೆಗೆದರು. ಹೊಸ ಲೆಕ್ಕ ಬರುವ ಸೋಮವಾರಕ್ಕೆ ಸಿದ್ಧವಾಗುತ್ತದೆ. ಅಲ್ಲಿಯವರೆಗೆ ಆ ಚೂರು ನನ್ನ ಗಂಡನ ತಲೆಯಲ್ಲಿ ಯಾರ ಹಂಗೂ ಇಲ್ಲದೆ ಕೂತಿದೆ.

ಹಳೆಯ ಮುಖವಾಡವನ್ನು ಬೇಕಿದ್ದರೆ ಮನೆಗೆ ಒಯ್ಯಿರಿ ಎಂದು ಕೊಟ್ಟರು. ಒಲ್ಲೆ ಎನ್ನಲು ನಮಗೆ ಹೊಳೆಯಲಿಲ್ಲ. ಇಲ್ಲಿ ಈ ದಿನಗಳಲ್ಲಿ ಕಾರ್ನಿವಲ್ ಹಬ್ಬ, ಊರಿಗೆ ಊರೇ ಮುಖಕ್ಕೆ ಬಣ್ಣ ಬಳಿದುಕೊಂಡು ಬ್ಯಾಂಡು ಬಾರಿಸುತ್ತ ಬೀದಿಯಲ್ಲಿತ್ತು. ಕೋಳಿಹುಂಜದ ವೇಷ ಹಾಕಿದವನೊಬ್ಬ ಪ್ರತೀಕನ ಕೈಲಿದ್ದ ಜಾಳಿಗೆ ಮುಖ ನೋಡಿ, ಇದು ಬಹಳ ಚೆನ್ನಾಗಿದೆ, ಎಲ್ಲಿ ಮಾಡಿಸಿದ್ದು ಎಂದು ಕೇಳಿದ. ಪ್ರತೀಕ್ ಅದನ್ನು ಅವನಿಗೇ ಕೊಟ್ಟುಬಿಟ್ಟ. ಅವನು ಹಾಕಿಕೊಂಡು ಕುಣಿಯುತ್ತ ಗುಂಪಿನಲ್ಲಿ ಹೋದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರತೀಕ್ ಹಿಂತಿರುಗಿಯೂ ನೋಡಲಿಲ್ಲ.

ನಿನ್ನೆ ಲೀಸ್ಬೆತ್ ನಮ್ಮನ್ನು ಕೂರಿಸಿಕೊಂಡು, ಮೂಗಿನಿಂದ ಕೊಳವೆ ಹಾಕಿ ಆಹಾರ ಕೊಡಬಹುದು ಎಂದರು. ಆಮೇಲೆ ಅವನನ್ನೇ ನೋಡುತ್ತ, ನಿಮಗೆ ಈ ಚಿಕಿತ್ಸೆ ಮುಂದುವರಿಸುವ ಮನಸ್ಸಿದೆಯೇ ಎಂದು ನೇರ ಕೇಳಿದರು. ಗೊತ್ತಿಲ್ಲ ಎಂದ. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದರು ಆ ಮಹಾತಾಯಿ. ನನಗೆ ಮೇಜು ಮಗುಚಿಹಾಕುವಷ್ಟು ಸಿಟ್ಟು ಬಂತು. ಇಷ್ಟಕ್ಕೇ ನಿಲ್ಲಿಸಿದರೆ ಆ ಚೂರು ಮತ್ತೆ ಬೆಳೆಯುವುದು ಹೆಚ್ಚುಕಡಿಮೆ ಖಂಡಿತ, ಆಮೇಲೆ ಇನ್ನೊಮ್ಮೆ ಇಷ್ಟು ಕಿರಣ ಕೊಡಲು ಬರುವುದಿಲ್ಲ ಎಂದೂ ಅಷ್ಟೇ ಶಾಂತವಾಗಿ ಹೇಳಿದರು. ಸೋಮವಾರ ಬೆಳಗ್ಗೆ ನಿಮಗಾಗಿ ಜಾಗ ಇಟ್ಟಿರುತ್ತೇವೆ, ಬರುವುದು ಬಿಡುವುದು ನಿಮ್ಮ ಇಷ್ಟ ಎಂದು ಎದ್ದು ಕೈಕುಲುಕಿದರು.

ಅವನು ಬರುತ್ತೇನೆ ಎನ್ನುವುದಿಲ್ಲ, ಬರುವುದಿಲ್ಲ ಎಂದೂ ಅನ್ನುವುದಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ಜಗಳವಾಡಿದರೆ ನನಗೂ ಧೈರ್ಯ ಬರುತ್ತಿತ್ತು. ಬೋಳಿಸಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದ ದಿನಗಳೇ ಚೆನ್ನಾಗಿದ್ದವು ಎನಿಸುತ್ತದೆ. ಆಗ ಅವನಿಗೆ ಏನೋ ಒಂದು ಬೇಕಾಗಿತ್ತು. ಈಗ ಏನೂ ಬೇಡವಾಗಿದೆ.

ಅಂದು ನೀವು ಏನು ಹೇಳಿ ಅವನನ್ನು ಒಪ್ಪಿಸಿದಿರಿ ಅತ್ತೆ? ಕೇಳಿದರೆ ಅವನು ಬಾಯಿ ಬಿಡುವುದಿಲ್ಲ. ಅಷ್ಟು ಬೇಗ ಬಗ್ಗಿದನಲ್ಲ, ಅದೇ ಮಾತನ್ನು ಇನ್ನೊಮ್ಮೆ ಹೇಳಿ, ಉಣ್ಣು ಎನ್ನಿ, ಸೋಮವಾರ ಹೋಗು ಎನ್ನಿ. ನನ್ನ ಹತ್ತಿರ ಮಾತುಗಳು ಖಾಲಿಯಾಗಿವೆ. ಇಲ್ಲಿ ನನಗೆ ಯಾರೂ ಇಲ್ಲ. ನನ್ನ ಅಮ್ಮನಿಗೆ ಹೇಳಿದರೆ ಅವಳು ಮೈಸೂರಿನಿಂದ ಅಳುತ್ತಾಳೆ, ಅವಳನ್ನು ಸಮಾಧಾನ ಮಾಡುವ ಕೆಲಸ ಮತ್ತೆ ನನಗೇ.

ನೀವೂ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಜಲಜಾಕ್ಷಿ ಅತ್ತಿಗೆ ಬರೆದಿದ್ದಾರೆ. ಅಲ್ಲೊಬ್ಬರು ಇಲ್ಲೊಬ್ಬರು ಹೀಗೆ ಕೂತರೆ ನಾನೇನು ಮಾಡಲಿ ಹೇಳಿ. ಬಿಪಿ ಮಾತ್ರೆ ಮರೆಯಬೇಡಿ. ಸಂದೀಪನಿಗೆ ನನ್ನ ನೆನಪುಗಳು. ಅಮೂಲ್ಯಾ ನಿಮಗೆ ಮುತ್ತು ಕಳಿಸಿದ್ದಾಳೆ. ನಿಮ್ಮ ಆಶೀರ್ವಾದ ಈ ಮನೆಯ ಮೇಲಿರಲಿ, ಹೆಚ್ಚಾಗಿ ನಿಮ್ಮ ಮಗನ ಮೇಲಿರಲಿ.

ನಿಮ್ಮ ಸೊಸೆ,
ಅನನ್ಯಾ

ಮರೆತ ಮಾತು: ಮರೆತದ್ದಲ್ಲ ಅತ್ತೆ, ಈಗಷ್ಟೇ ತಿಳಿದದ್ದು. ಮೇಲಿನದನ್ನು ಬರೆದು ಮುಗಿಸಿ ಫೋಟೋ ತೆಗೆಯುತ್ತಿದ್ದೆ, ಅಮ್ಮನಿಗಾ ಎಂದು ಮಲಗಿದ್ದಲ್ಲಿಂದಲೇ ಕೇಳಿದ. ಹೌದು ಎಂದೆ. ಅಮ್ಮ ಅಂದು ಫೋನಿನಲ್ಲಿ ಹೇಳಿದ್ದನ್ನು ಹಾಗೇ ಹೇಳುತ್ತೇನೆ, ಕೇಳು ಎಂದು, ತುಳುವಿನ ಮಾತನ್ನು ಗೋಡೆಗೆ ಮುಖ ಮಾಡಿಕೊಂಡೇ ಕನ್ನಡದಲ್ಲಿ ಹೇಳಿದ. “ಅಪ್ಪ ಕೊನೇ ದಿನ ಹೇಳಿದ್ರಂತೆ, ನನಗೋಸ್ಕರ ತಲೆ ಬೋಳಿಸುದು ಸಂದೀಪ ಮಾತ್ರ. ನಾನು ಕರೆದಾಗ ಬಾರದವನ ಕೂದ್ಲು ನನಗೆ ಬೇಡ.”

ಹೇಗಾದರೂ ತಡೆಯಿರಿ ಎಂದು ಬರೆದವಳು ನಾನು. ನೀವು ತಡೆದಿರಿ. ನಿಮ್ಮ ಮೇಲೆ ನನಗೆ ಕೋಪವಿಲ್ಲ, ಆ ಹೊತ್ತಿಗೆ ನಿಮ್ಮ ಕೈಗೆ ಸಿಕ್ಕ ಮಾತು ಅದು. ಮಾವ ನಿಜವಾಗಿಯೂ ಹಾಗೆ ಹೇಳಿದರೇ ಎಂದು ನಾನು ಕೇಳುವುದಿಲ್ಲ, ಎಂದೆಂದಿಗೂ ಕೇಳುವುದಿಲ್ಲ. ಅವನನ್ನು ತಡೆಯಲು ನೀವೇ ಕಟ್ಟಿದ ಸುಳ್ಳಾಗಿದ್ದರೆ, ಸೋಮವಾರದೊಳಗೆ ಫೋನು ಮಾಡಿ ಅದು ಸುಳ್ಳೆಂದು ಅವನಿಗೆ ಹೇಳಿ. ನಿಜವಾಗಿದ್ದರೂ ಸುಳ್ಳೆಂದೇ ಹೇಳಿ.